ಬಾಯ್ಲರಿಗೂ ಒಂದು ಬಾಣಂತನ

ಡಿಸೆಂಬರಿನ ಮಂಜು ಇನ್ನೂ ಎದ್ದಿಲ್ಲ. ಕುಶಾಲನಗರದಿಂದ ಹಾರಂಗಿ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಸೇತುವೆ ದಾಟಿದ ಮೇಲೆ ಸಿಗುವ ಕುಸುಬಲಕ್ಕಿ ಮಿಲ್ಲಿನ ಚಿಮಣಿ ಅರ್ಧಕ್ಕೇ ಕಾಣದಾಗಿದೆ. ಕೆಳಗೆ ತಗಡಿನ ಚಾವಣಿಯ ಬಾಯ್ಲರ್ ಮನೆಯಲ್ಲಿ ಸಿದ್ದರಾಜು ಬೆಂಕಿಬಾಯಿ ತೆರೆದು, ಉದ್ದನೆಯ ಸಲಾಕೆಯಿಂದ ಹಿಂದಿನ ದಿನದ ಕೆಂಡ ಕೆದಕುತ್ತಿದ್ದಾರೆ. ನಾನು ಬಂದು ನಿಂತದ್ದು ಅವರಿಗೆ ಗೊತ್ತಾಗಿದೆ, ಆದರೂ ತಿರುಗಿ ನೋಡುವುದಿಲ್ಲ. ಅವರ ಕಣ್ಣು ಬಾಯ್ಲರಿನ ಮುಖದ ಮೇಲಿರುವ ಗಾಜಿನ ಕೊಳವೆಯಲ್ಲಿ ನೆಟ್ಟಿದೆ. ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಕೊಳವೆ ಅದು. ಅದರ ತಿರುಪು ಬಿಟ್ಟು, ಬುಸ್ಸೆಂದು ಹಬೆ ಹಾರಿಸಿ, ಮತ್ತೆ ಮುಚ್ಚಿ, ನೀರು ಸರಸರ ಏರಿ ತನ್ನ ಜಾಗದಲ್ಲಿ ನಿಂತ ಮೇಲೆಯೇ ಅವರು ನನ್ನ ಕಡೆಗೆ ತಿರುಗುತ್ತಾರೆ. ಚಳಿಯಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ ಎನ್ನುತ್ತಾರೆ.

ಒಳಗೆ ಬಂದವನನ್ನು ಕೂರಿಸುವುದಕ್ಕೂ ಅವರಿಗೆ ಪುರುಸೊತ್ತಿಲ್ಲ. ಪಕ್ಕದಲ್ಲೇ ಸೈಜುಗಲ್ಲಿನ ಎತ್ತರದ ಕಟ್ಟೆ, ಅದರ ಮೇಲೊಂದು ಕಬ್ಬಿಣದ ಟ್ಯಾಂಕು. ಬಾಯ್ಲರು ಕುಡಿಯುವ ನೀರು ಇರುವುದು ಅಲ್ಲಿ. ಸಿದ್ದರಾಜು ಮೆಟ್ಟಿಲು ಹತ್ತಿ ಟ್ಯಾಂಕಿನ ಮೈಗೆ ಅಂಗೈಯ ಹಿಂಬದಿ ತಾಗಿಸಿ ನೋಡುತ್ತಾರೆ. ಶಾಖ ತೋರಿಸುವ ಮುಳ್ಳಿನ ಗಡಿಯಾರವೂ ಅಲ್ಲೇ ಇದೆ. ಅದನ್ನು ಆಮೇಲೆ ನೋಡುತ್ತಾರೆ, ಕೈ ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡ ಹಾಗೆ. ರಾತ್ರಿಯಿಡೀ ಗೋಣಿಚೀಲ ಹೊದ್ದು ಮಲಗಿದ್ದ ಆ ನೀರು ಇನ್ನೂ ಬಿಸಿಯಾಗಿಯೇ ಇದೆ.

ಗೋಡೆಯ ಆಚೆ ಕೊಡಗಳ ಸದ್ದು. ಮಿಲ್ಲಿನ ಹಿಂದೆ ಕೆಲಸಗಾರರ ಲೈನು ಮನೆಗಳಿವೆ, ಅಲ್ಲಿನ ಹೆಂಗಸರು ಬಿಸಿನೀರಿನ ನಲ್ಲಿಯ ಮುಂದೆ ಸಾಲು ನಿಂತಿದ್ದಾರೆ. ಚಿಮಣಿಯ ಬುಡಕ್ಕೆ ಸುತ್ತಿದ ದೊಡ್ಡ ಡ್ರಮ್ಮಿನಿಂದ ಬರುವ ಆ ಒಂದು ನಲ್ಲಿಯೇ ಇವತ್ತಿನ ನನ್ನ ಬರಹದ ಮೂಲ. ಬರುವ ಬೇಸಿಗೆಯಲ್ಲಿ ಹಳೆಯ ಬಾಯ್ಲರು ಹೋಗಿ ಹೊಸದು ಬರುತ್ತದೆ. ಹೊಸದರ ನಕ್ಷೆಯಲ್ಲಿ ಈ ನಲ್ಲಿ ಇಲ್ಲ. ಸಿದ್ದರಾಜು ಅವರಿಗೆ ಒಂದು ತಿಂಗಳಿನಿಂದ ಇದೇ ಚಿಂತೆ.

ಕುಸುಬಲಕ್ಕಿ ಉಣ್ಣುವವರಿಗೆಲ್ಲ ಅದು ಹೇಗಾಗುತ್ತದೆಂದು ಗೊತ್ತಿರಬೇಕೆಂದೇನಿಲ್ಲ. ನನಗೂ ಗೊತ್ತಿರಲಿಲ್ಲ, ಉಣ್ಣುವುದೊಂದು ಗೊತ್ತಿತ್ತು. ಭತ್ತವನ್ನು ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಹೊಟ್ಟು ಬಿಡಿಸುತ್ತಾರೆ. ಬೇಯಿಸುವುದಕ್ಕೂ ಹಬೆ ಬೇಕು, ಒಣಗಿಸುವುದಕ್ಕೂ ಹಬೆ ಬೇಕು. ಸುಗ್ಗಿಯಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ಚೀಲ ಭತ್ತ ಇಲ್ಲಿ ಬೇಯುತ್ತದೆ. ಇಲ್ಲಿಂದ ಹೊರಟ ಅಕ್ಕಿ ದಕ್ಷಿಣ ಕೊಡಗಿನ ಎಸ್ಟೇಟುಗಳ ಲೈನುಗಳಿಗೆ, ಕುಟ್ಟ ದಾಟಿ ಕೇರಳಕ್ಕೆ ಹೋಗುತ್ತದೆ. ಆ ಅನ್ನ ಉಣ್ಣುವ ಯಾರೂ ಸಿದ್ದರಾಜು ಅವರ ಹೆಸರು ಕೇಳಿಲ್ಲ. ಕೇಳಬೇಕೆಂದು ಅವರಿಗೂ ಆಸೆ ಇದ್ದಂತಿಲ್ಲ. ಯಾಕೆ ಬರೆಯುತ್ತೀರಿ ಎಂದು ನನ್ನನ್ನೇ ಎರಡು ಸಲ ಕೇಳಿದ್ದಾರೆ.

ಬಾಯ್ಲರಿಗೆ ಬಿಸಿನೀರೇ ಯಾಕೆ, ಹೇಗೂ ಒಳಗೆ ಹೋದ ಮೇಲೆ ಕುದಿಯುತ್ತದಲ್ಲ ಎಂದು ನಾನು ಕೇಳುತ್ತೇನೆ. ದಡ್ಡ ಪ್ರಶ್ನೆಯೇ ಇರಬೇಕು, ಆದರೆ ಅವರು ನಗುವುದಿಲ್ಲ. ಒಂದು ಸಲಿಕೆ ಹೊಟ್ಟು ಎಸೆದು, ಬೆಂಕಿಬಾಯಿ ಮುಚ್ಚಿ, ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು ಹೇಳುತ್ತಾರೆ:

"ಮನೇಲಿ ಬಾಣಂತಿಗೆ ತಣ್ಣೀರು ಮುಟ್ಟುಸ್ತಿವಾ ಸಾ? ಇದೂ ಹಂಗೇಯ. ಮೈಯೆಲ್ಲ ಕಾದಿರ್ತದೆ. ಅದರ ಹೊಟ್ಟೆಗೆ ಬೋರ್‌ವೆಲ್ ತಣ್ಣೀರು ಬಿಟ್ರೆ ಪ್ರೆಷರ್ ಮುಳ್ಳು ದಡಕ್ಕನೆ ಬಿದ್ದೋಯ್ತದೆ. ಮತ್ತೆ ಎಬ್ಬುಸಕ್ಕೆ ಹೊಟ್ಟು ಸುರೀಬೇಕು, ಸೌದೆ ಸುರೀಬೇಕು. ಒಳಗಿನ ಕಬ್ಬಿಣಾನೂ ಬೇಗ ತಿಂದೋಯ್ತದೆ."

ಚಳಿಗಾಲದ ಬೆಳಿಗ್ಗೆ ಬೋರ್‌ವೆಲ್ಲಿನಿಂದ ಬಂದು ತೊಟ್ಟಿಯಲ್ಲಿ ನಿಂತ ನೀರಿಗೆ ಕೈಯಿಟ್ಟರೆ ಬೆರಳು ಜೋಮು ಹಿಡಿಯುತ್ತದೆ. ಆ ನೀರನ್ನು ಎಂಬತ್ತು ಡಿಗ್ರಿಯ ಸುತ್ತಮುತ್ತ ಕಾಯಿಸಿ ಬಾಯ್ಲರಿಗೆ ಕೊಟ್ಟರೆ, ಹತ್ತು ಗಾಡಿ ಸೌದೆ ಬೇಕಾದ ಕಡೆ ಒಂಬತ್ತೇ ಸಾಕು. ಹೊರಗಿನ ಬೆಂಕಿಯಿಂದ ಕಾಯಿಸಿದರೆ ಮಾತ್ರ ಏನೂ ಉಳಿಯುವುದಿಲ್ಲ, ಆ ಜೇಬಿನದನ್ನು ಈ ಜೇಬಿಗೆ ಹಾಕಿದಂತೆ. ಹೇಗೂ ಹಾಳಾಗಿ ಹೋಗುವ ಶಾಖವನ್ನು ಹಿಡಿದು ತರಬೇಕು. ಆ ಶಾಖ ಎಲ್ಲಿ ಹಾಳಾಗುತ್ತಿದೆ ಎಂದು ಹುಡುಕಲು ಹೊರಟದ್ದೇ ಸಿದ್ದರಾಜು ಅವರ ಕಷ್ಟಗಳಿಗೆ ಮೊದಲಾಯಿತು.

ಅದಕ್ಕೆ ಮೊದಲು ಅವರು ಯಾರು, ಎಲ್ಲಿಯವರು ಎಂದು ಹೇಳಿಬಿಡುತ್ತೇನೆ. ಅವರ ತಂದೆ ಅರಕಲಗೂಡು ಕಡೆಯವರು. ಹಾರಂಗಿ ನಾಲೆ ತೋಡುವ ಕಾಲಕ್ಕೆ ಮಣ್ಣು ಹೊರಲು ಬಂದು, ನಾಲೆಯಲ್ಲಿ ನೀರು ಹರಿದ ಮೇಲೂ ಇಲ್ಲೇ ಉಳಿದರು. ಸಿದ್ದರಾಜು ಹುಟ್ಟಿದ್ದು ಇಲ್ಲೇ. ಓದು ಏಳನೆಯ ತರಗತಿಗೆ ನಿಂತಿತು. ಹೊಟ್ಟಿನ ಚೀಲ ಹೊರುವ ಕೂಲಿಯಾಗಿ ಈ ಮಿಲ್ಲಿಗೆ ಸೇರಿದಾಗ ಬಾಯ್ಲರಿನ ಮುಂದೆ ಚಿನ್ನ ಎಂಬ ತಮಿಳು ಮಾತಾಡುವ ಮೇಸ್ತ್ರಿ ಇದ್ದರು. ಸಿಡುಕಿನ ಮನುಷ್ಯ. ಬೆಳಿಗ್ಗೆ ಎದ್ದರೆ ದೇವರ ಮುಖಕ್ಕಿಂತ ಮೊದಲು ಗಾಜಿನ ಕೊಳವೆಯ ಮುಖ ನೋಡಬೇಕು ಎನ್ನುವುದು ಅವರ ಪಾಠವಂತೆ. ಬಾಯ್ಲರ್ ನಡೆಸಲು ಸರ್ಕಾರದ ಪರೀಕ್ಷೆ ಪಾಸಾಗಬೇಕು. ಮೊದಲ ಸಲ ಸಿದ್ದರಾಜು ನಪಾಸಾದರು. ಕೊಳವೆಯಲ್ಲಿ ನೀರೇ ಕಾಣದಿದ್ದರೆ ಏನು ಮಾಡುತ್ತೀಯ ಎಂದು ಪರೀಕ್ಷೆಯವರು ಕೇಳಿದ್ದಕ್ಕೆ ಓಡುತ್ತೇನೆ ಎಂದಿದ್ದರು.

"ಸತ್ಯ ಹೇಳ್ದೆ, ಅದಕ್ಕೇ ಫೇಲು" ಎಂದು ಈಗ ನಗುತ್ತಾರೆ. ಮರುವರ್ಷ ಸರಿಯುತ್ತರ ಕಲಿತು ಹೋದರು: ತಕ್ಷಣ ಬೆಂಕಿ ಹೊರಗೆಳೆಯಬೇಕು, ಕಾದು ಕೆಂಪಾದ ಹೊಟ್ಟೆಗೆ ಏನೇ ಆದರೂ ತಣ್ಣೀರು ಬಿಡಬಾರದು.

ಎಡ ಮುಂಗೈಯ ಮೇಲೆ ಸುಟ್ಟ ಕಲೆಗಳಿವೆ. ಕಿವಿ ಸ್ವಲ್ಪ ಮಂದ. ಹಬೆಯ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಅದು ಬಳುವಳಿ. ಸುಗ್ಗಿಯ ತಿಂಗಳುಗಳಲ್ಲಿ ನೆಂಟರ ಮದುವೆಗೆ ಹೋದದ್ದು ನೆನಪಿಲ್ಲವಂತೆ. ಉರಿಯುವ ಬಾಯ್ಲರನ್ನು ಒಂಟಿಯಾಗಿ ಬಿಟ್ಟು ಹೋಗುವ ಹಾಗಿಲ್ಲ. ಹೆಂಡತಿ ದಮಯಂತಿ ಒಬ್ಬರೇ ಹೋಗಿ ಮುಯ್ಯಿ ಹಾಕಿ ಬರುತ್ತಾರೆ. ಮಳೆಗಾಲದಲ್ಲಿ ಮಿಲ್ಲು ನಿಂತಾಗ ಸಿದ್ದರಾಜು ಶುಂಠಿ ಗದ್ದೆಗಳಲ್ಲಿ ಕೆಲಸ ಮಾಡುತ್ತಾರೆ. ಆಗಲೂ ವಾರಕ್ಕೊಮ್ಮೆ ಬಂದು ತಣ್ಣಗೆ ಮಲಗಿದ ಬಾಯ್ಲರಿನ ಬಾಗಿಲು ತೆಗೆದು ನೋಡಿ ಹೋಗುತ್ತಾರೆ.

ಇನ್ನು ಆ ಬಿಸಿನೀರಿನ ಕಥೆ. ಭತ್ತ ಒಣಗಿಸುವ ಡ್ರೈಯರಿನ ಕೊಳವೆಗಳಲ್ಲಿ ಹಬೆ ಸುತ್ತಿ, ಶಾಖ ಕೊಟ್ಟು, ಕೊನೆಗೆ ಸುಡುವ ನೀರಾಗಿ ಹೊರಬರುತ್ತದೆ. ಆ ನೀರು ಮೊದಲು ಒಂದು ಪೈಪಿನಲ್ಲಿ ಮಿಲ್ಲಿನ ಹಿಂದಿನ ಚರಂಡಿಗೆ ಬೀಳುತ್ತಿತ್ತು. ಯಾವ ಕಾಲದಲ್ಲೋ, ಯಾರೋ ಒಬ್ಬಳು ಅದರ ಕೆಳಗೆ ಒಂದು ಬಿಂದಿಗೆ ಇಟ್ಟಳು. ಕೊಡಗಿನ ಚಳಿಗೆ ಬಿಸಿನೀರು ಅಂದರೆ ಸುಮ್ಮನೆ ಅಲ್ಲ. ಆಳುದ್ದದ ಸೌದೆ ಉರಿಸಿ ಹಂಡೆ ಕಾಯಿಸುವ ಶ್ರಮ ಬಲ್ಲವರಿಗೆ, ಅದು ತಾನಾಗಿ ಸುರಿಯುವಾಗ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ? ಒಂದು ಬಿಂದಿಗೆ ಹತ್ತಾಯಿತು. ಪೈಪಿನ ಮುಂದೆ ಚಪ್ಪಡಿ ಬಂತು, ಮರೆಗೆ ತಗಡು ಬಂತು, ಬಚ್ಚಲಾಯಿತು. ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ, ಲೈನಿನ ಮನೆಮನೆಯ ಸ್ನಾನವೆಲ್ಲ ಅಲ್ಲೇ ನಡೆಯತೊಡಗಿತು.

ಎಷ್ಟೋ ಬಾಣಂತಿಯರ ಮೈಗೆ ಆ ನೀರು ಬಿದ್ದಿದೆ. ಎರೆಯುತ್ತಿದ್ದವರು ರಂಗಮ್ಮ. ಲೈನಿನಲ್ಲಿ ಎಲ್ಲರಿಗಿಂತ ಹಿರಿಯರು, ಭತ್ತ ಹರವುವ ಕೆಲಸ ಬಿಟ್ಟ ಮೇಲೂ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಕರೆ ಹೋಗುವುದು ಅವರಿಗೆ. ಬಾಣಂತಿಯ ನೀರು ತಡೆಯಲಾರದಷ್ಟು ಬಿಸಿ ಇರಬೇಕು, ಸೊಂಟಕ್ಕೆ ಚಟೀರೆಂದು ಬೀಳಬೇಕು, ಇಲ್ಲದಿದ್ದರೆ ಮುಂದೆ ಜನ್ಮಪೂರ್ತಿ ನೋವು ಎನ್ನುವುದು ಅವರ ಶಾಸ್ತ್ರ.

ಒಂದು ವರ್ಷ ಮಿಲ್ಲಿನ ಒಡತಿ ಬೆಳ್ಳಮ್ಮ ಸುಗ್ಗಿಯ ಶುರುವಿನಲ್ಲೇ ಸಿದ್ದರಾಜು ಅವರನ್ನು ಕರೆದು ಕಡ್ಡಿ ಮುರಿದಂತೆ ಹೇಳಿದರು. ಮಿಲ್ಲಿನ ಹೊಟ್ಟು ಸಾಲುತ್ತಿಲ್ಲ, ಹೊರಗಿನಿಂದ ಲಾರಿಗಟ್ಟಲೆ ಸಿಲ್ವರ್ ಮರದ ಸೌದೆ ತರಿಸಿ ಪೂರೈಸುವುದಿಲ್ಲ. ಹೀಗೇ ಆದರೆ ಬೇಯಿಸುವುದನ್ನೇ ನಿಲ್ಲಿಸಿ ಬರೀ ಬೆಳ್ತಿಗೆ ಅಕ್ಕಿ ಮಾಡುತ್ತೇನೆ ಎಂದರು. ಬೇಯಿಸುವುದು ನಿಂತರೆ ಬಾಯ್ಲರು ನಿಲ್ಲುತ್ತದೆ, ಡ್ರೈಯರು ನಿಲ್ಲುತ್ತದೆ, ಲೈನಿನಲ್ಲಿ ಅರ್ಧಕ್ಕರ್ಧ ಜನಕ್ಕೆ ಕೆಲಸವಿಲ್ಲ. ಬೆಳ್ಳಮ್ಮ ಕೆಟ್ಟವರಲ್ಲ, ನೇರ ಮಾತಿನವರು. ಸಿದ್ದರಾಜು ಮೂರು ದಿನ ಯೋಚಿಸಿ ಒಂದು ದಾರಿ ಹೇಳಿದರು: ಡ್ರೈಯರಿನ ಬಿಸಿನೀರನ್ನು ಹೊರಗೆ ಚೆಲ್ಲದೆ ಬಾಯ್ಲರಿನ ಟ್ಯಾಂಕಿಗೇ ತಿರುಗಿಸೋಣ.

ಆ ನೀರು ಚೆಲ್ಲಿ ಹೋಗುತ್ತಿಲ್ಲ, ಜನ ಮೀಯುತ್ತಿದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರ ಮನೆಯವರೂ ಅಲ್ಲೇ ಮೀಯುತ್ತಿದ್ದರು. ಕೆಲಸ ಉಳಿದರೆ ಸಾಕು, ನೀರು ಹೇಗಾದರೂ ಕಾಯಿಸಿಕೊಳ್ಳುತ್ತಾರೆ ಎಂದುಕೊಂಡರಂತೆ. ಮಿಲ್ಲಿಗೆ ರಜೆಯಿದ್ದ ಒಂದು ಭಾನುವಾರ ಕುಶಾಲನಗರದಿಂದ ವೆಲ್ಡರ್ ಸತೀಶ್ ಬಂದು ಪೈಪು ಕತ್ತರಿಸಿ, ಟ್ಯಾಂಕಿನ ಕಡೆಗೆ ತಿರುಗಿಸಿ, ಹೊರಗಿನ ಬಾಯಿಗೆ ಬಿಲ್ಲೆ ಬೆಸೆದು ಹೋದರು.

ಆಗ ಲೈನಿನಲ್ಲಿ ಮಾದಿ ಹೆತ್ತು ಇನ್ನೂ ಹದಿನೈದು ದಿನವಾಗಿರಲಿಲ್ಲ. ಚೀಲ ಹೊರುವ ಪುಟ್ಟನ ಹೆಂಡತಿ, ಚೊಚ್ಚಲು. ಸೋಮವಾರ ಬೆಳಿಗ್ಗೆ ರಂಗಮ್ಮ ಎಣ್ಣೆ ಕೈಯಲ್ಲೇ ಬಿಂದಿಗೆ ಹಿಡಿದು ಬಂದರೆ ಪೈಪು ಮುಚ್ಚಿದೆ. ಅವರು ಕೂಗಾಡಲಿಲ್ಲ. ನೇರ ಬಾಯ್ಲರ್ ಮನೆಯ ಬಾಗಿಲಿಗೆ ಬಂದರು. ಸಿದ್ದರಾಜು ಬಾಯ್ಲರನ್ನು ಬಾಣಂತಿಗೆ ಹೋಲಿಸುವುದು ಆಗಲೇ ಮಿಲ್ಲಿನಲ್ಲೆಲ್ಲ ಹಳೆಯ ತಮಾಷೆಯಾಗಿತ್ತು.

"ಕಬ್ಬಿಣದ ಬಾಣಂತಿಗೆ ಬಿಸ್ನೀರು, ಮಾದಿಗೆ ತಣ್ಣೀರು" ಎಂದರಂತೆ ರಂಗಮ್ಮ. "ಚೆನ್ನಾಗದೆ ಕಣೋ ಸಿದ್ದ ನಿನ್ನ ನ್ಯಾಯ."

ಇಷ್ಟೇ ಹೇಳಿ ಖಾಲಿ ಬಿಂದಿಗೆ ಹಿಡಿದು ಹೋದರು. ಅದನ್ನು ನನಗೆ ಹೇಳುವಾಗ ಸಿದ್ದರಾಜು ಸಲಿಕೆಯ ಹಿಡಿ ಬಿಟ್ಟು ಕೈ ಕಟ್ಟಿಕೊಳ್ಳುತ್ತಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎನ್ನುತ್ತಾರೆ.

ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಅದೇ ವಾರ ಇನ್ನೊಂದು ಆಯಿತು. ಡ್ರೈಯರಿನ ನೀರಿಗೆ ಬೋರ್‌ವೆಲ್ ನೀರು ಬೆರೆತು ಹೊದಿಕೆಯಿಲ್ಲದ ಟ್ಯಾಂಕು ಉಗುರುಬೆಚ್ಚಗಿನದಕ್ಕಿಂತ ಸ್ವಲ್ಪವೇ ಮೇಲಿತ್ತು. ಅಷ್ಟು ಸಾಲದು ಎನಿಸಿತು ಸಿದ್ದರಾಜು ಅವರಿಗೆ. ಬಾಣಂತಿ ನೀರು ಅಂದಮೇಲೆ ಚಟೀರೆನ್ನಬೇಕಲ್ಲ! ಬಾಯ್ಲರಿನಿಂದಲೇ ಹಬೆಯ ಸಣ್ಣ ಕೊಳವೆಯೊಂದನ್ನು ಟ್ಯಾಂಕಿಗೆ ಇಳಿಬಿಟ್ಟರು. ನೀರು ಕುದಿಯುವ ಹಂತಕ್ಕೆ ಬಂತು. ಎಷ್ಟು ಬಿಸಿಯೋ ಅಷ್ಟು ಒಳ್ಳೆಯದು ಎಂಬುದು ರಂಗಮ್ಮನ ಬಚ್ಚಲಿನಲ್ಲಿ ಸರಿ. ಇಲ್ಲಿ ಅತಿಯಾದರೆ ಅಮೃತವೂ ವಿಷ. ಆಗ ಟ್ಯಾಂಕು ನೆಲದ ಮೇಲೆ, ಪಂಪಿನ ಮಟ್ಟದಲ್ಲೇ ಇತ್ತು. ಕುದಿಯಲು ಹತ್ತಿರವಾದ ನೀರನ್ನು ಪಂಪು ಎಳೆಯಲು ಹೋದರೆ, ಅದು ಪಂಪಿನ ಬಾಯಲ್ಲೇ ಹಬೆಯಾಗಿಬಿಟ್ಟಿತು. ಪಂಪು ಗರಗರ ತಿರುಗುತ್ತಿದೆ, ನೀರು ಮಾತ್ರ ಬಾಯ್ಲರಿಗೆ ಹೋಗುತ್ತಿಲ್ಲ. ಗಾಜಿನ ಕೊಳವೆಯಲ್ಲಿ ನೀರು ಇಳಿಯುತ್ತ ಇಳಿಯುತ್ತ ಕಾಣದಾಯಿತು.

ಈ ಸಲ ಅವರು ಓಡಲಿಲ್ಲ. ಒಲೆಗೆ ಊದುವ ಗಾಳಿ ನಿಲ್ಲಿಸಿ, ಬೆಂಕಿಯನ್ನೆಲ್ಲ ಸಲಾಕೆಯಲ್ಲಿ ನೆಲಕ್ಕೆಳೆದು, ಸುತ್ತ ಇದ್ದವರನ್ನು ಹೊರಗೆ ಅಟ್ಟಿದರು. ಮುಂಗೈಯ ದೊಡ್ಡ ಕಲೆ ಆ ದಿನದ್ದು. ಬಾಯ್ಲರಿಗೆ ಏನೂ ಆಗಲಿಲ್ಲ. ಅರ್ಧ ಬೆಂದ ಭತ್ತಕ್ಕೆ ಮಾತ್ರ ತೊಟ್ಟಿಯಲ್ಲೇ ಹುಳಿ ನಾತ ಬಂತು, ಮಿಲ್ಲು ನಿಂತಿತು. ಲೈನಿನ ಕೆಲವರು ಇದು ಮಾದಿಯ ಶಾಪ ಎಂದರು. ಮಾದಿ ಪಾಪ, ಶಾಪ ಹಾಕುವ ಪೈಕಿಯಲ್ಲ. ತನಗೆ ಅದು ಯಾವುದೂ ಗೊತ್ತೇ ಇರಲಿಲ್ಲ, ಮಗು ರಾತ್ರಿಯಿಡೀ ಅಳುತ್ತಿದ್ದರಿಂದ ತನಗೆ ನಿದ್ದೆಯದೇ ಯೋಚನೆ ಎಂದು ಆಕೆ ನನ್ನ ಹತ್ತಿರ ನಕ್ಕಳು.

ಏನಾಯಿತೆಂದು ನೋಡಲು ಮೈಸೂರಿನ ಬಾಯ್ಲರ್ ಕಂಪನಿಯೊಂದರಿಂದ ಸುಮಿತಾ ಎಂಬ ಇಂಜಿನಿಯರ್ ಬಂದರು. ಸಿದ್ದರಾಜು ಅವರನ್ನು ಬೈಯುತ್ತಾರೆಂದು ಎಲ್ಲರೂ ಕಾದಿದ್ದರು. ಆಕೆ ಬೈಯುವ ಬದಲು ಯೋಚನೆ ಸರಿ, ಟ್ಯಾಂಕಿನ ಜಾಗ ತಪ್ಪು ಎಂದರು. ಬಿಸಿನೀರನ್ನು ಪಂಪು ಎಳೆಯಲಾರದು, ಅದು ತನ್ನ ಭಾರದಿಂದ ತಾನೇ ಪಂಪಿನೊಳಗೆ ಇಳಿದು ಬರಬೇಕು. ಟ್ಯಾಂಕನ್ನು ಎತ್ತರಕ್ಕೇರಿಸಿ, ಹಬೆಯ ಕೊಳವೆ ತೆಗೆದುಹಾಕಿ, ಮೈಗೆ ಬೆಚ್ಚಗೆ ಹೊದಿಸಿ, ಎಂಬತ್ತರ ಮೇಲೆ ಹೋಗಲು ಬಿಡಬೇಡಿ ಎಂದು ಹೇಳಿಕೊಟ್ಟರು. ಸೈಜುಗಲ್ಲಿನ ಕಟ್ಟೆ ಎದ್ದದ್ದು ಹಾಗೆ. ತಿಂಗಳು ತುಂಬುವುದರೊಳಗೆ ಸೌದೆಯ ಲಾರಿ ಬರುವುದು ನಿಂತಿತು. ಬೆಳ್ಳಮ್ಮ ಎಲ್ಲರೆದುರು ಸಿದ್ದರಾಜು ಅವರನ್ನು ಹೊಗಳಿದರು.

ಆ ಹೊಗಳಿಕೆ ಮೈಗೆ ಹತ್ತಲಿಲ್ಲ ಎನ್ನುತ್ತಾರೆ ಅವರು. ಎದುರು ಸಿಕ್ಕರೆ ಸಿದ್ದಣ್ಣ ಎನ್ನುತ್ತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಹೋಗುತ್ತಿದ್ದರು. ರಂಗಮ್ಮ ಈ ವಯಸ್ಸಿನಲ್ಲಿ ಕಾಫಿ ತೋಟದ ಅಂಚಿನಲ್ಲಿ ಪುಳ್ಳೆ ಆರಿಸಿ ತಂದು ಮಾದಿಗೆ ನೀರು ಕಾಯಿಸುತ್ತಿದ್ದರು. ಹಸಿ ಪುಳ್ಳೆ, ಹೊಗೆ ಜಾಸ್ತಿ, ಬಿಸಿ ಕಮ್ಮಿ. ದಮಯಂತಿ ಗಂಡನಿಗೆ ಊಟ ಬಡಿಸಿಟ್ಟು, ರಂಗಮ್ಮನ ಒಲೆ ಊದಲು ಹೋಗುತ್ತಿದ್ದರು. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರೆ, ಇವರು ಊರಿಗೂ ಮನೆಗೂ ಮಾರಿಯಾಗಿದ್ದರು. ಅಷ್ಟಕ್ಕೂ ಅವರು ಉಳಿಸಿದ್ದು ಅದೇ ಜನರ ಕೆಲಸವನ್ನು. ಅದನ್ನು ಹೇಳಿಕೊಂಡಿದ್ದರೂ ಮಾದಿಯ ನೀರು ಕಾಯುತ್ತಿರಲಿಲ್ಲ.

ಕೊನೆಗೆ ಬೆಳ್ಳಮ್ಮನ ಹತ್ತಿರವೇ ಹೋಗಿ, ದಿನಕ್ಕೆ ಒಂದಷ್ಟು ಬಿಂದಿಗೆ ನೀರು ಹೊರಗೆ ಬಿಡಲೇ ಎಂದು ಕೇಳಿದರು.

"ಪೈಪ್ ತಿರುಗಿಸಿದ್ದು ನೀನು, ನಾನಲ್ಲ" ಎಂದರಂತೆ ಬೆಳ್ಳಮ್ಮ. "ದಾರಿ ನೀನೇ ಹುಡುಕು. ಆದ್ರೆ ಸೌದೆ ಲಾರಿ ಮತ್ತೆ ಗೇಟ್ ಒಳಗೆ ಬರಬಾರ್ದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಿದ್ದರಾಜು ಮತ್ತೆ ಹುಡುಕಲು ಹೊರಟರು. ಎಲ್ಲಿ ಇನ್ನೂ ಶಾಖ ಹಾಳಾಗುತ್ತಿದೆ? ಉತ್ತರ ಕಣ್ಣೆದುರೇ, ತಲೆಯ ಮೇಲೆ ಇತ್ತು. ಚಿಮಣಿಯ ಬುಡಕ್ಕೆ ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತಿತ್ತು. ಅಷ್ಟು ಬಿಸಿಯ ಹೊಗೆ ಸುಮ್ಮನೆ ಆಕಾಶಕ್ಕೆ ಹೋಗುತ್ತಿತ್ತು. ಭತ್ತ ನೆನೆಹಾಕುವ ಹಳೆಯ ತೊಟ್ಟಿಯೊಂದು ಮೂಲೆಯಲ್ಲಿ ಬಿದ್ದಿತ್ತು. ಸತೀಶ್ ಅದರ ತಗಡು ಬಿಚ್ಚಿ, ಬಗ್ಗಿಸಿ, ಚಿಮಣಿಯ ಸುತ್ತ ದೊಡ್ಡ ಡ್ರಮ್ಮಿನಂತೆ ಬೆಸೆದರು. ಬಾಯಿ ಮೇಲೆ ತೆರೆದೇ ಇರಬೇಕು, ಮುಚ್ಚಿದರೆ ಅದೂ ಒಂದು ಬಾಯ್ಲರಾಗಿ ಸಿಡಿದೀತು ಎಂದು ಸಿದ್ದರಾಜು ಪಕ್ಕದಲ್ಲೇ ನಿಂತು ಕಾದರು. ಸುತ್ತಿನ ಮಧ್ಯೆ ಹೊಗೆ, ಸುತ್ತ ನೀರು. ಹೊರಗೋಡೆಯ ಆಚೆಗೊಂದು ನಲ್ಲಿ.

ಮೊದಲ ಬಿಂದಿಗೆ ನೀರನ್ನು ಸಿದ್ದರಾಜು ತಾವೇ ಹೊತ್ತುಕೊಂಡು ಹೋಗಿ ಮಾದಿಯ ಮನೆಯ ಬಾಗಿಲಲ್ಲಿಟ್ಟರು. ರಂಗಮ್ಮ ಬೆರಳದ್ದಿ ನೋಡಿ, ಇನ್ನೊಂದು ಚೂರು ಬಿಸಿ ಇರಬಹುದಿತ್ತು ಎಂದರಂತೆ. ಅಲ್ಲಿಗೆ ರಾಜಿಯಾಯಿತು. ಮಾದಿಯ ಮಗಳು ಈಗ ಮೂರನೆಯ ಕ್ಲಾಸು.

ಆ ನಲ್ಲಿಯ ಮುಂದೆ ಈಗ ರಂಗಮ್ಮನದೇ ಕಾನೂನು. ಬಾಣಂತಿ ಇದ್ದರೆ ಅವಳಿಗೆ ಮೊದಲು, ಆಮೇಲೆ ವಯಸ್ಸಾದವರು, ಸ್ಕೂಲಿಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೊರಡುವ ಹೆಂಗಸರು. ಗಂಡಸರು ಕೊನೆಗೆ. ಗಂಡಸರಲ್ಲೂ ಕೊನೆಗೆ ಸಿದ್ದರಾಜು, ಅವರು ಬರುವಷ್ಟರಲ್ಲಿ ನೀರು ಬೆಚ್ಚಗಿದ್ದರೆ ಪುಣ್ಯ. ದಿನವಿಡೀ ಬೆಂಕಿಯ ಮುಂದೆ ನಿಂತವನು ತಣ್ಣೀರಿನಲ್ಲಿ ಮೀಯುತ್ತಾನೆ ಎಂದು ದಮಯಂತಿ ಛೇಡಿಸುತ್ತಾರೆ.

ನಾನು ಹೋದ ದಿನ ಸುಮಿತಾ ಕೂಡ ಬಂದಿದ್ದಾರೆ, ಹೊಸ ಬಾಯ್ಲರಿನ ಅಳತೆಗೆ. ಹೊಟ್ಟಿನ ಚೀಲಗಳ ಮೇಲೆ ನಕ್ಷೆ ಹರಡಿದೆ. ಒಂದು ಕಡೆ ಬೆಳ್ಳಮ್ಮ ಕನ್ನಡಕ ಏರಿಸಿಕೊಂಡು ನಿಂತಿದ್ದಾರೆ, ಇನ್ನೊಂದು ಕಡೆ ಸಿದ್ದರಾಜು. ಹೊಸ ಬಾಯ್ಲರು ಹಳೆಯದಕ್ಕಿಂತ ಜಾಣ. ಚಿಮಣಿಗೆ ಹೋಗುವ ಹೊಗೆಯ ದಾರಿಯಲ್ಲೇ ಕೊಳವೆಗಳ ಗೊಂಚಲಿದೆ, ಬಾಯ್ಲರಿಗೆ ಹೋಗುವ ನೀರು ಅದರಲ್ಲಿ ಸುತ್ತಿ ಇನ್ನೂ ಬಿಸಿಯಾಗುತ್ತದೆ. ಡ್ರೈಯರಿನ ನೀರೂ ಬಾಯ್ಲರಿಗೆ, ಹೊಗೆಯ ಶಾಖವೂ ಬಾಯ್ಲರಿಗೆ. ಚಿಮಣಿಯ ಬುಡ ತಣ್ಣಗಾಗಿರುತ್ತದೆ, ಡ್ರಮ್ಮು ಸುತ್ತಿ ಏನೂ ಪ್ರಯೋಜನವಿಲ್ಲ.

ಸಿದ್ದರಾಜು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಕೊಳವೆಯ ಗೊಂಚಲಿನ ಮೇಲೆ ಬೆರಳಾಡಿಸಿ, ಭಾರಿ ಚೆನ್ನಾಗಿದೆ ಎಂದು ಮನಸಾರೆ ಹೇಳುತ್ತಾರೆ. ಆಮೇಲೆ ಕೆಮ್ಮಿ, ಎತ್ತರದ ಟ್ಯಾಂಕಿನಿಂದ ಹೊರಗೋಡೆಯ ಆಚೆಗೆ ಒಂದು ನಲ್ಲಿ ಕೊಡಬಹುದೇ ಎಂದು ಕೇಳುತ್ತಾರೆ.

ಸುಮಿತಾ ತಲೆಯೆತ್ತಿ ನೋಡುತ್ತಾರೆ. ನಲ್ಲಿ ಕೊಡುವುದೇನೂ ಕಷ್ಟವಲ್ಲ, ಆದರೆ ಕಾದ ನೀರು ಹೊರಗೆ ಹೋದಷ್ಟೂ ಬೋರ್‌ವೆಲ್ಲಿನ ತಣ್ಣೀರು ಒಳಗೆ ಬರುತ್ತದೆ, ಹೊಟ್ಟು ಹೆಚ್ಚು ಉರಿಯುತ್ತದೆ ಎಂದು ಸಮಾಧಾನವಾಗಿ ವಿವರಿಸುತ್ತಾರೆ. ಇಷ್ಟು ಉಳಿತಾಯ ಎಂದು ಕಂಪನಿ ಮಾತು ಕೊಟ್ಟಿದೆ, ಆ ಮಾತು ನಿಲ್ಲುವುದಿಲ್ಲ. ಸಿದ್ದರಾಜು ಹೌದೆನ್ನುತ್ತಾರೆ. ಇದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ, ಇಷ್ಟು ವರ್ಷ ಅವರು ಕಾದದ್ದೇ ಆ ಶಾಖವನ್ನು. ಬೆಳ್ಳಮ್ಮ ಸಿದ್ದರಾಜು ಅವರ ಮುಖವನ್ನೇ ನೋಡುತ್ತಿದ್ದಾರೆ. ಆಮೇಲೆ ಇಂಜಿನಿಯರ್ ಕಡೆಗೆ ತಿರುಗಿ, ಸೌದೆ ಲಾರಿ ಬರದಿದ್ದರೆ ಸಾಕು, ನಲ್ಲಿ ಹಾಕಿ ಎನ್ನುತ್ತಾರೆ.

ಸುಮಿತಾ ಪೆನ್ಸಿಲಿನಿಂದ ಟ್ಯಾಂಕಿನ ಪಕ್ಕದಲ್ಲಿ ಒಂದು ಗೆರೆ ಎಳೆದು ಗೋಡೆಯ ಆಚೆಗೆ ದಾಟಿಸುತ್ತಾರೆ. ಹೊರಗೆ ಹೋಗುವ ಈ ನೀರನ್ನು ಏನೆಂದು ತೋರಿಸಲಿ ಎಂದು ಕೇಳುತ್ತಾರೆ. ಬೇಯಿಸಲು ಅಂತ ಬರೆಯುವಂತಿಲ್ಲ, ಒಣಗಿಸಲು ಅಂತಲೂ ಬರೆಯುವಂತಿಲ್ಲ.

"ನಷ್ಟ ಅಂತ್ಲೇ ಬರ್ಕಳಿ ಮೇಡಂ" ಎನ್ನುತ್ತಾರೆ ಸಿದ್ದರಾಜು. "ಒಂದ್ಸಲ ಈ ನೀರಲ್ಲಿ ಲಾಭ ಮಾಡಿ ನೋಡಿವ್ನಿ. ಆ ಲಾಭ ನಂಗೆ ಬ್ಯಾಡ."